ಮೋಟರ್ ತಿರುಗುತ್ತದೆ, ಪೆಟ್ಟು ಬೀಳುವುದಿಲ್ಲ: ಬ್ರೇಕರ್ ಮಷೀನ್ ಬಿಚ್ಚಿ ಸರ್ವಿಸ್ ಮಾಡುವ ಬಗೆ

ಹೋದ ಬೇಸಿಗೆಯಲ್ಲಿ ಗದಗ ಕಡೆಯ ಗೌಂಡಿಯೊಬ್ಬರು ಕಾಂಕ್ರೀಟ್ ಒಡೆಯುವ 16 ಕಿಲೋ ಬ್ರೇಕರ್ ಮಷೀನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹುಬ್ಬಳ್ಳಿಯ ನಮ್ಮ ಅಂಗಡಿಗೆ ಬಂದರು. ಗೋಕುಲ ರೋಡಿನ ಧೂಳಿನಲ್ಲಿ ಅವರೂ ಮಷೀನೂ ಒಂದೇ ಬಣ್ಣ ಆಗಿದ್ದರು. "ಮೋಟರ್ ತಿರಗತೈತ್ರಿ ಅಣ್ಣಾ, ಆದ್ರ ಹೊಡ್ಯಾಕತ್ತಿಲ್ಲ. ಬ್ಯಾರೆ ಕಡೆ ತೋರ್ಸಿದ್ದೆ. ಆರ್ಮೇಚರ್ ಹೋಗೇತಿ ಅಂತ ಹೊಸಾದು ಹಾಕಿಕೊಟ್ರು. ಈಗೂ ಹಂಗ ಐತಿ" ಅಂದರು.

ಆರ್ಮೇಚರ್ ಅಂದರೆ ಮೋಟರಿನೊಳಗೆ ತಿರುಗುವ, ತಾಮ್ರದ ತಂತಿ ಸುತ್ತಿದ ಭಾಗ. ಅದು ಸುಟ್ಟಿದ್ದರೆ ಮೋಟರ್ ಹಾಗೆ ತುಂಬು ದನಿಯಲ್ಲಿ ತಿರುಗುತ್ತಿರಲಿಲ್ಲ. ಬಿಚ್ಚಿ ನೋಡಿದಾಗ ಸಿಕ್ಕಿದ್ದು ಎರಡು ತುಂಡಾದ ಒಂದು ರಬ್ಬರ್ ರಿಂಗ್. ಒಂದು ಪ್ಲೇಟ್ ಗಿರ್ಮಿಟ್‌ನಷ್ಟು ದುಡ್ಡಿನ ಸಾಮಾನು. ಅದಕ್ಕಾಗಿ ಆ ಮನುಷ್ಯ ಆರ್ಮೇಚರ್‌ನ ದುಡ್ಡು ಕೊಟ್ಟಿದ್ದರು, ಎಂಟು ದಿನದ ಕೆಲಸವನ್ನೂ ಕಳೆದುಕೊಂಡಿದ್ದರು. ಈ ಲೇಖನ ಬರೆಯಬೇಕು ಅನ್ನಿಸಿದ್ದು ಅವತ್ತೇ. ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಅರ್ಧ ರಿಪೇರಿ ಮುಗಿದಂತೆ.

ಹೊಡೆಯುವುದು ಗಾಳಿ

ಮೋಟರ್ ನೇರವಾಗಿ ಚಾಣವನ್ನು (ಮುಂದಿನ ಉಳಿಯನ್ನು) ಹೊಡೆಯುವುದಿಲ್ಲ. ಆರ್ಮೇಚರ್ ತುದಿಯ ಸಣ್ಣ ಹಲ್ಲು ದೊಡ್ಡ ಗೇರನ್ನು ತಿರುಗಿಸುತ್ತದೆ. ಗೇರಿನಿಂದ ಕ್ರ್ಯಾಂಕ್, ಕ್ರ್ಯಾಂಕಿನಿಂದ ಕನೆಕ್ಟಿಂಗ್ ರಾಡ್, ರಾಡಿನಿಂದ ಪಿಸ್ಟನ್. ಹೀಗೆ ಸುತ್ತುವ ಓಟ ಹಿಂದೆಮುಂದೆ ಆಡುವ ಓಟ ಆಗುತ್ತದೆ. ಇಲ್ಲಿಯವರೆಗೆ ಬೈಕಿನ ಎಂಜಿನ್ ಕಂಡವರಿಗೆ ಎಲ್ಲ ಗುರುತಿನದೇ. ಮುಂದಿನದು ಬೇರೆ. ಪಿಸ್ಟನ್ ಮುಂದೆ, ಅದೇ ಸಿಲಿಂಡರಿನಲ್ಲಿ, ಒಂದು ಭಾರದ ಉಕ್ಕಿನ ದಿಂಡು ಇರುತ್ತದೆ. ಇದಕ್ಕೆ ಸ್ಟ್ರೈಕರ್ ಅನ್ನುತ್ತಾರೆ. ಪಿಸ್ಟನ್‌ಗೂ ಸ್ಟ್ರೈಕರ್‌ಗೂ ನಡುವೆ ಪಿನ್ ಇಲ್ಲ, ಸ್ಪ್ರಿಂಗ್ ಇಲ್ಲ. ಬರೀ ಗಾಳಿ. ಪಿಸ್ಟನ್ ಮುಂದೆ ಬಂದಾಗ ಆ ಗಾಳಿ ಒತ್ತಿ ಸ್ಟ್ರೈಕರನ್ನು ಮುಂದಕ್ಕೆ ಎಸೆಯುತ್ತದೆ, ಹಿಂದೆ ಹೋದಾಗ ಹೀರಿ ಎಳೆದುಕೊಳ್ಳುತ್ತದೆ. ಎಸೆದ ಸ್ಟ್ರೈಕರ್ ಮುಂದಿನ ಸಣ್ಣ ಉಕ್ಕಿನ ತುಂಡಿಗೆ ಬಡಿಯುತ್ತದೆ, ಆ ತುಂಡು ಚಾಣಕ್ಕೆ ಬಡಿಯುತ್ತದೆ. ಈ ಗಾತ್ರದ ಮಷೀನಿನಲ್ಲಿ ನಿಮಿಷಕ್ಕೆ 1300-1400 ಪೆಟ್ಟು. ಅಂದರೆ ಸೆಕೆಂಡಿಗೆ ಇಪ್ಪತ್ತಕ್ಕೂ ಜಾಸ್ತಿ.

ಗಾಳಿ ಸೋರಿದರೆ ಪೆಟ್ಟು ಹೋಯಿತು. ಗಾಳಿಯನ್ನು ಹಿಡಿದಿಡುವುದು ಪಿಸ್ಟನ್ ಮತ್ತು ಸ್ಟ್ರೈಕರ್ ಮೇಲಿನ ರಬ್ಬರ್ ಬಳೆಗಳು, ಅಂದರೆ ಓ ರಿಂಗ್‌ಗಳು. ಅದಕ್ಕೇ ಮೋಟರ್ ಚೆನ್ನಾಗಿ ತಿರುಗಿ ಪೆಟ್ಟು ಬೀಳದಿದ್ದರೆ ನಾನು ಮೊದಲು ಹುಡುಕುವುದು ಇವನ್ನೇ.

ಸಿಲಿಂಡರಿನ ಬದಿಯಲ್ಲಿ ಸಣ್ಣ ತೂತುಗಳೂ ಇರುತ್ತವೆ. ಚಾಣವನ್ನು ಕಲ್ಲಿಗೆ ಒತ್ತದೆ ಎತ್ತಿ ಹಿಡಿದಾಗ ಸ್ಟ್ರೈಕರ್ ಮುಂದಕ್ಕೆ ಸರಿಯುತ್ತದೆ, ತೂತು ತೆರೆಯುತ್ತದೆ, ಗಾಳಿ ಹೊರಗೂ ಒಳಗೂ ಆಡುತ್ತದೆ, ಪೆಟ್ಟು ನಿಲ್ಲುತ್ತದೆ. ಹಾಗಾಗಿ ಎತ್ತಿ ಹಿಡಿದಾಗ ಹೊಡೆಯದಿದ್ದರೆ ಅದು ಕೆಟ್ಟಿಲ್ಲ. ಒತ್ತಿದಾಗಲೂ ಹೊಡೆಯದಿದ್ದರೆ ಮಾತ್ರ ಬಿಚ್ಚಿ.

ಬಿಚ್ಚುವ ಮುಂಚೆ

ಸ್ವಿಚ್ ಒತ್ತಿದರೂ ಸದ್ದೇ ಇಲ್ಲವೇ? ಕೇಬಲ್, ಸ್ವಿಚ್, ಕಾರ್ಬನ್ (ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ತುಂಡು) ನೋಡಿ. ಹ್ಯಾಂಡಲ್ ಹತ್ತಿರ, ಕೇಬಲ್ ಒಳಗೆ ಹೋಗುವ ಜಾಗದಲ್ಲೇ ತಂತಿ ಜಾಸ್ತಿ ತುಂಡಾಗುತ್ತದೆ. ಈ ಮೂರರಲ್ಲೇ ಬಹಳ ಸಲ ಕೆಲಸ ಮುಗಿಯುತ್ತದೆ, ಮಷೀನ್ ಪೂರ್ತಿ ಬಿಚ್ಚಬೇಕಾಗಿಲ್ಲ. ಕಾರ್ಬನ್ ಸುತ್ತ ದೊಡ್ಡ ಕಿಡಿ, ಸುಟ್ಟ ವಾಸನೆ ಇದ್ದರೆ ಆರ್ಮೇಚರ್ ಅಥವಾ ಫೀಲ್ಡ್ ಕಾಯಿಲ್ (ಆರ್ಮೇಚರ್ ಸುತ್ತ ಅಲುಗದೆ ಕೂತ ತಂತಿಸುರುಳಿ). ಒರಟು ಸದ್ದು, ಕೈಗೆ ಬೇರೆ ರೀತಿಯ ನಡುಕ ಬಂದರೆ ಬೇರಿಂಗ್ ಅಥವಾ ಗೇರ್. ಶುರುವಿನಲ್ಲಿ ಹೊಡೆದು, ಬಿಸಿಯಾದ ಮೇಲೆ ಪೆಟ್ಟು ಕಡಿಮೆಯಾದರೆ ಓ ರಿಂಗ್ ಸವೆದಿದೆ ಅಂತ ಲೆಕ್ಕ.

ತಿರುಗುವ ಮಷೀನ್ ಆದರೆ ಐದು ನಿಮಿಷ ಓಡಿಸಿ. ಒಳಗಿನ ಗಟ್ಟಿ ಗ್ರೀಸ್ ಬಿಸಿಯಾಗಿ ಸಡಿಲಾಗುತ್ತದೆ. ಆಮೇಲೆ ಪ್ಲಗ್ ಕಿತ್ತು, ಆ ಪ್ಲಗ್ ಕಣ್ಣೆದುರಿಗೇ ಇರುವಂತೆ ಮೇಜಿನ ಮೇಲೆ ಇಡಿ. ಅಂಗಡಿಯಲ್ಲಿ ಹುಡುಗರು ಇದ್ದರೆ ಇದನ್ನು ಬಿಡಲೇಬೇಡಿ. ಯಾರೋ ಬಂದು ಸುಮ್ನೆ ಪ್ಲಗ್ ಚುಚ್ಚಿಬಿಡುತ್ತಾರೆ.

ಬೇಕಾದ ಸಾಮಾನು: ಅಲೆನ್ ಕೀ ಸೆಟ್, ಪಾನಾ, ಸರ್ಕ್ಲಿಪ್ ಪಕ್ಕಡ, ಬೇರಿಂಗ್ ಪುಲ್ಲರ್, ನೈಲಾನ್ ಸುತ್ತಿಗೆ, ಮಲ್ಟಿಮೀಟರ್, ಸಾಧ್ಯವಾದರೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್, ಒಂದೊಂದು ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆ ತಕ್ಕಡಿ. ಜೊತೆಗೆ ಒಂದು ಮೊಟ್ಟೆ ಟ್ರೇ. ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ಒಂದೊಂದು ಗುಳಿಗೆ ಹಾಕುತ್ತಾ ಹೋಗಿ. ಈ ಮಷೀನುಗಳಲ್ಲಿ ನೋಡಲು ಒಂದೇ ತರಹ ಕಂಡು ಉದ್ದ ಬೇರೆಬೇರೆ ಇರುವ ಬೋಲ್ಟುಗಳಿರುತ್ತವೆ. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದರೆ ಅಲ್ಯುಮಿನಿಯಂ ಬಾಡಿ ಸೀಳುತ್ತದೆ.

ಹೊರಗಿನ ಧೂಳನ್ನು ಮೊದಲು ತೆಗೆಯಿರಿ. ನಮ್ಮ ಕಡೆಯ ಮಷೀನಿಗೆ ಎರಡು ಬಗೆಯ ಧೂಳು ಮೆತ್ತಿರುತ್ತದೆ. ಒಂದು ಸಿಮೆಂಟು-ಕಲ್ಲಿನ ಬಿಳಿ ಪುಡಿ, ಇನ್ನೊಂದು ಎರೆಮಣ್ಣು. ಎರೆಮಣ್ಣು ಎಣ್ಣೆ ಸೋಕಿದ ಜಾಗದಲ್ಲಿ ಹಪ್ಪಳದ ಹಾಗೆ ಪದರಪದರವಾಗಿ ಕೂರುತ್ತದೆ. ಅದನ್ನು ಬ್ರಷ್ಷಿನಿಂದ ಕೆರೆದು ತೆಗೆಯದೆ ಬಿಚ್ಚಿದರೆ ಪೂರ್ತಿ ಸಿಲಿಂಡರಿಗೇ ಬೀಳುತ್ತದೆ. ಗಾಳಿ ಹೊಡೆಯುವುದಾದರೆ ಅಂಗಳದಲ್ಲಿ ಹೊಡೆಯಿರಿ, ಮಾಸ್ಕ್ ಹಾಕಿಕೊಂಡು. ಕಲ್ಲಿನ ಪುಡಿ ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಬಿಚ್ಚುವುದು

ಚಾಣ ತೆಗೆಯಿರಿ. ಆಮೇಲೆ ಕಾರ್ಬನ್. ಮುಚ್ಚಳ ತಿರುಗಿಸಿ ಎರಡೂ ಕಾರ್ಬನ್ ಹೊರಗೆ ತೆಗೆದ ಮೇಲೆಯೇ ಉಳಿದದ್ದಕ್ಕೆ ಕೈಹಾಕಿ. ಕಾರ್ಬನ್ ಒಳಗಿರುವಾಗಲೇ ಆರ್ಮೇಚರ್ ಎಳೆದರೆ ಕಾರ್ಬನ್ ಮುರಿಯುತ್ತದೆ, ಹೋಲ್ಡರೂ ಸೊಟ್ಟಗಾಗುತ್ತದೆ. ಯಾವ ಕಾರ್ಬನ್ ಯಾವ ಕಡೆ, ಯಾವ ಮುಖ ಮೇಲೆ ಅಂತ ಗುರುತು ಹಾಕಿಕೊಳ್ಳಿ. ಅವನ್ನೇ ಮತ್ತೆ ಹಾಕುವುದಾದರೆ ಅದೇ ಜಾಗಕ್ಕೆ ಹೋಗಬೇಕು.

ಹ್ಯಾಂಡಲ್ ಬಿಚ್ಚಿ, ಸ್ವಿಚ್ಚಿನ ತಂತಿಗಳ ಫೋಟೋ ತೆಗೆದುಕೊಳ್ಳಿ. ಒಂದಲ್ಲ, ಎರಡು ಕಡೆಯಿಂದ. ನಂತರ ಮೋಟರ್ ಬಾಡಿಯ ಬೋಲ್ಟುಗಳು. ಬಾಡಿ ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರ್ ತುರುಕಿ ಮೀಟಬೇಡಿ. ಕೂಡುವ ಮುಖಕ್ಕೆ ಗೀರು ಬಿದ್ದರೆ ಮುಂದೆ ಅಲ್ಲಿಂದಲೇ ಗ್ರೀಸ್ ಸೋರುತ್ತದೆ. ನೈಲಾನ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ, ಬಿಟ್ಟುಕೊಳ್ಳುತ್ತದೆ.

ಆರ್ಮೇಚರ್ ಹೊರಬಂದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡಿ. ತಾಮ್ರದ ತಂತಿ ಮೇಲೆ ಪಾನಾ ಬಿದ್ದರೆ ಒಂದೇ ಏಟಿಗೆ ಹೊಸ ಖರ್ಚು.

ಈಗ ಕ್ರ್ಯಾಂಕಿನ ಮುಚ್ಚಳ. ತೆಗೆದ ಕೂಡಲೇ ಒರೆಸಲು ಹೋಗಬೇಡಿ. ಹಳೆ ಗ್ರೀಸನ್ನು ಬೆರಳಿನಲ್ಲಿ ತಿಕ್ಕಿ ನೋಡಿ. ನುಣ್ಣಗೆ ಕಪ್ಪಾಗಿದ್ದರೆ ವಯಸ್ಸಾಗಿದೆ, ಅಷ್ಟೇ. ಬೆರಳಿಗೆ ರವೆಯ ಹಾಗೆ ಸಿಕ್ಕರೆ ಹೊರಗಿನ ಧೂಳು ಒಳಗೆ ಬಂದಿದೆ, ಮುಂದಿನ ಸೀಲ್ ಹೋಗಿದೆ. ಬಿಸಿಲಿಗೆ ಹಿಡಿದಾಗ ಮಿನುಗಿದರೆ ಲೋಹದ ಪುಡಿ. ಗೇರೋ ಬೇರಿಂಗೋ ಸವೆಯುತ್ತಿದೆ. ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನು. ಗ್ರೀಸ್ ಒರೆಸಿಬಿಟ್ಟರೆ ಈ ಸುಳಿವು ಮತ್ತೆ ಸಿಗುವುದಿಲ್ಲ.

ಪಿಸ್ಟನ್ ಪಿನ್ ತಪ್ಪಿಸಿ ಅಥವಾ ರಾಡನ್ನು ಕ್ರ್ಯಾಂಕಿನಿಂದ ಎತ್ತಿ ಪಿಸ್ಟನ್ ಹೊರಗೆ ತೆಗೆಯಿರಿ. ಇದು ಕಂಪನಿಯಿಂದ ಕಂಪನಿಗೆ ಬೇರೆ. ಪಿಸ್ಟನ್ ಯಾವ ಮುಖವಾಗಿ ಕೂತಿತ್ತು ಅಂತ ಮಾರ್ಕರಿನಿಂದ ಗೆರೆ ಎಳೆಯಿರಿ. ಮುಂಭಾಗದ ಮೂತಿ ಬಿಚ್ಚಿದರೆ ಉಕ್ಕಿನ ತುಂಡು, ರಬ್ಬರ್ ಬಫರ್, ವಾಷರ್‌ಗಳು ಸಾಲಾಗಿ ಬರುತ್ತವೆ. ಅವನ್ನು ಬಂದ ಸಾಲಿನಲ್ಲೇ, ಬಂದ ಮುಖದಲ್ಲೇ ಹಳೆ ಪೇಪರ್ ಮೇಲೆ ಜೋಡಿಸಿ ಫೋಟೋ ಹೊಡೆಯಿರಿ. ಒಂದು ವಾಷರ್ ತಿರುಗುಮುರುಗಾದರೂ ಪೆಟ್ಟಿನ ಭಾರ ಬಫರ್ ಮೇಲೆ ಬೀಳದೆ ಬಾಡಿ ಮೇಲೆ ಬೀಳುತ್ತದೆ.

ತೊಳೆಯುವುದು, ನೋಡುವುದು

ಲೋಹದ ಭಾಗಗಳಿಗೆ ಚಿಮಣಿ ಎಣ್ಣೆ ಅಥವಾ ಡೀಸೆಲ್. ಪೆಟ್ರೋಲ್ ಬೇಡ, ಬೆಂಕಿಯ ಭಯ. ರಬ್ಬರ್ ಇರುವುದನ್ನು ನೆನೆಹಾಕಬೇಡಿ, ಬಟ್ಟೆಯಿಂದ ಒರೆಸಿ ಸಾಕು. ಆರ್ಮೇಚರ್, ಫೀಲ್ಡ್ ಕಾಯಿಲ್ ಹತ್ತಿರ ಎಣ್ಣೆ ಸುಳಿಯಲೇಬಾರದು. ಒಣ ಬ್ರಷ್ಷು, ಮೆಲ್ಲನೆ ಗಾಳಿ, ಅಷ್ಟೇ.

ಸಿಲಿಂಡರ್ ಒಳಗೆ ಬೆರಳು ಹಾಕಿ ಉಗುರನ್ನು ಮೆಲ್ಲಗೆ ಎಳೆಯಿರಿ. ಕಣ್ಣಿಗೆ ಕಾಣುವ ಗೀರುಗಳೆಲ್ಲ ಕೆಟ್ಟವಲ್ಲ. ಉಗುರು ಸಿಕ್ಕಿಕೊಳ್ಳುವ ಗೀರು ಕೆಟ್ಟದ್ದು. ಅಂಥ ಸಿಲಿಂಡರಿಗೆ ಹೊಸ ಓ ರಿಂಗ್ ಹಾಕಿದರೆ ಸ್ವಲ್ಪ ದಿನಕ್ಕೇ ಮತ್ತೆ ಹರಿಯುತ್ತದೆ. ಗಾಳಿ ತೂತುಗಳಿಗೆ ತೆಳ್ಳನೆ ತಾಮ್ರದ ತಂತಿ ಹಾಕಿ ಹಳೆ ಗ್ರೀಸ್ ತೆಗೆಯಿರಿ. ಈ ತೂತು ಕಟ್ಟಿಕೊಂಡು ಪೆಟ್ಟು ಒಮ್ಮೆ ಬಂದು ಒಮ್ಮೆ ಹೋಗುವ ಮಷೀನುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಓ ರಿಂಗ್‌ಗಳನ್ನು ಪರೀಕ್ಷೆ ಮಾಡುವ ಗೋಜಿಗೇ ಹೋಗಬೇಡಿ. ಬಿಚ್ಚಿದ ಮೇಲೆ ಎಲ್ಲವನ್ನೂ ಬದಲಿಸಿ. ಚೆನ್ನಾಗಿ ಕಂಡ ಹಳೆ ರಿಂಗನ್ನೇ ಮತ್ತೆ ಹಾಕುವುದು ನನ್ನ ಪ್ರಕಾರ ತಪ್ಪು ಲೆಕ್ಕ. ದುಡ್ಡು ಹೋಗುವುದು ರಿಂಗಿಗಲ್ಲ, ಬಿಚ್ಚುವ ಕೂಲಿಗೆ. ಅಳತೆ ಮಾತ್ರ ಸರಿಯಾಗಿ ನೋಡಿ. ಪೈಪ್ ಅಂಗಡಿಯಲ್ಲಿ ಸಿಗುವ ರಿಂಗ್ ಕೈಗೆ ಅದೇ ಅಳತೆ ಅನ್ನಿಸಬಹುದು, ಆದರೆ ಅದು ನೀರು ತಡೆಯಲು ಮಾಡಿದ್ದು. ಈ ಬಿಸಿಗೆ, ಈ ಓಟಕ್ಕೆ ಮಾಡಿದ್ದಲ್ಲ. ಮಷೀನಿನ ಮಾಡೆಲ್ ನಂಬರ್ ಹೇಳಿ ಅದರದೇ ಸೆಟ್ ತನ್ನಿ.

ಬೇರಿಂಗನ್ನು ಬೆರಳಲ್ಲಿ ತಿರುಗಿಸಿ. ರವೆ ಬೀಸಿದ ಹಾಗೆ ಅನ್ನಿಸಿದರೆ, ಅಡ್ಡಡ್ಡ ಅಲ್ಲಾಡಿದರೆ ಬದಲಿಸಿ. ಬಾಡಿಯೊಳಗೆ ಬಿಗಿಯಾಗಿ ಕೂತ ಬೇರಿಂಗ್ ಬರದಿದ್ದರೆ ಬಡಿಯಬೇಡಿ. ರಬ್ಬರ್, ಪ್ಲಾಸ್ಟಿಕ್ ಎಲ್ಲ ತೆಗೆದು, ಗ್ರೀಸ್ ಪೂರ್ತಿ ತೊಳೆದು ಒಣಗಿಸಿ, ಅಲ್ಯುಮಿನಿಯಂ ಬಾಡಿಯನ್ನು ಹಾಟ್ ಗನ್ನಿನಿಂದ ಸುಮಾರು 80-100 ಡಿಗ್ರಿಗೆ ಬಿಸಿ ಮಾಡಿ. ಬಿಸಿಗೆ ಅಲ್ಯುಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬಾಡಿಯನ್ನು ಮರದ ಮೇಲೆ ಒಮ್ಮೆ ಕುಟ್ಟಿದರೆ ಬೇರಿಂಗ್ ತಾನೇ ಬೀಳುತ್ತದೆ. ಶಾಫ್ಟಿಗೆ ಹೊಸ ಬೇರಿಂಗ್ ಹಾಕುವಾಗ ಒಳಗಿನ ಬಳೆಯನ್ನು ಮಾತ್ರ ಒತ್ತಿ. ಹೊರಗಿನ ಬಳೆಗೆ ಹೊಡೆದರೆ ಗುಂಡುಗಳ ದಾರಿಯಲ್ಲಿ ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಕೂಗುತ್ತದೆ.

ಕನೆಕ್ಟಿಂಗ್ ರಾಡ್ ಹಿಡಿದು ಉದ್ದಕ್ಕೆ ಎಳೆದು ತಳ್ಳಿ ನೋಡಿ. ಆ ದಿಕ್ಕಿನಲ್ಲಿ ಟಕ್ ಅನ್ನಬಾರದು. ಗೇರಿನ ಹಲ್ಲಿನ ತುದಿ ಚಾಕುವಿನಂತೆ ಚೂಪಾಗಿದ್ದರೆ ಗೇರ್ ಮುಗಿದಿದೆ. ಜೊತೆಗೆ ಆರ್ಮೇಚರ್ ಹಲ್ಲನ್ನೂ ನೋಡಿ. ಸವೆದ ಹಲ್ಲಿಗೆ ಹೊಸ ಗೇರ್ ಜೋಡಿಸಿದರೆ ಎರಡೂ ಉಳಿಯುವುದಿಲ್ಲ.

ಮೋಟರ್ ಭಾಗ

ಕಮ್ಯುಟೇಟರ್, ಅಂದರೆ ಆರ್ಮೇಚರ್ ಮೇಲೆ ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಸುತ್ತು, ಒಂದೇ ಸಮ ಕಂದು ಬಣ್ಣ ಇದ್ದರೆ ಒಳ್ಳೆಯದು. ಅದನ್ನು ಹೊಳೆಯುವಂತೆ ಉಜ್ಜುವ ಆಸೆ ಬೇಡ. ಕರಕಲು ಇದ್ದರೆ ಮಾತ್ರ ನುಣ್ಣನೆ ಪಾಲಿಶ್ ಪೇಪರಿನಿಂದ ಸುತ್ತಲೂ ಸಮವಾಗಿ ಉಜ್ಜಿ. ಎಮರಿ ಬಟ್ಟೆ ಬಳಸಬೇಡಿ, ಅದರ ಕಣಗಳು ತಾಮ್ರದಲ್ಲಿ ಕೂತು ಕಾರ್ಬನ್ ತಿನ್ನುತ್ತವೆ. ಆಮೇಲೆ ಪಟ್ಟಿಗಳ ನಡುವಿನ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಮಲ್ಟಿಮೀಟರಿನಿಂದ ಅಕ್ಕಪಕ್ಕದ ಎರಡೆರಡು ಪಟ್ಟಿಗಳ ನಡುವೆ ಓಮ್ ನೋಡುತ್ತಾ ಒಂದು ಸುತ್ತು ಬನ್ನಿ. ಎಲ್ಲ ಕಡೆ ಒಂದೇ ತರಹ ಬರಬೇಕು. ಒಂದು ಕಡೆ ಏಕ್‌ದಮ್ ಜಾಸ್ತಿಯಾದರೆ ಅಲ್ಲಿ ತಂತಿ ಬಿಟ್ಟಿದೆ. ತಾಮ್ರದ ಪಟ್ಟಿಗೂ ಶಾಫ್ಟಿಗೂ ನಡುವೆ ಏನೂ ತೋರಿಸಬಾರದು.

ಕಾರ್ಬನ್ ಮೇಲೆ ಕಂಪನಿಯ ಸವೆತದ ಗೆರೆ ಇರುತ್ತದೆ. ಗೆರೆ ಕಾಣದಿದ್ದರೆ 6 ಮಿಲಿಮೀಟರ್ ಉಳಿದಾಗಲೇ ಬದಲಿಸಿ, ಎರಡನ್ನೂ ಜೋಡಿಯಾಗಿ. ಹೋಲ್ಡರಿನಲ್ಲಿ ಕಾರ್ಬನ್ ತನ್ನಷ್ಟಕ್ಕೆ ಜಾರಬೇಕು. ತಡೆದು ತಡೆದು ಹೋದರೆ ಹೋಲ್ಡರ್ ಒರೆಸಿ. ಕಾರ್ಬನ್ನಿಗೆ ಗ್ರೀಸ್ ಹಚ್ಚುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ.

ಜೋಡಿಸುವುದು, ಗ್ರೀಸಿನ ಲೆಕ್ಕ

ಹೊಸ ಓ ರಿಂಗಿಗೆ, ಸಿಲಿಂಡರಿನ ಗೋಡೆಗೆ ಬೆರಳಿನಿಂದ ತೆಳ್ಳಗೆ ಗ್ರೀಸ್ ಸವರಿ. ರಿಂಗ್ ಹಾಕುವಾಗ ಸ್ಕ್ರೂ ಡ್ರೈವರಿನಿಂದ ಮೀಟಬೇಡಿ, ಬೆರಳಿನಿಂದಲೇ ಹೊರಳಿಸಿ ಕೂರಿಸಿ. ತಿರುಚಿ ಕೂತಿದೆಯಾ ಅಂತ ಸುತ್ತಲೂ ಬೆರಳಾಡಿಸಿ. ಸಿಲಿಂಡರ್ ಬಾಯಿಯಲ್ಲಿ ರಿಂಗ್ ಒಳಗೆ ಹೋಗುವ ಗಳಿಗೆಯೇ ನಾಜೂಕಿನದು. ಸ್ವಲ್ಪ ಓರೆಯಾದರೂ ಬಾಯಿಯ ಅಂಚು ರಬ್ಬರನ್ನು ಸಿಪ್ಪೆ ಸುಲಿದ ಹಾಗೆ ಕತ್ತರಿಸುತ್ತದೆ. ಒತ್ತುವಾಗ ಮೆಲ್ಲಗೆ ತಿರುಗಿಸುತ್ತಾ ಒತ್ತಿ.

ಸ್ಟ್ರೈಕರ್, ಆಮೇಲೆ ಪಿಸ್ಟನ್ ಸಿಲಿಂಡರಿಗೆ ಹೋದ ಮೇಲೆ ಒಂದು ಪರೀಕ್ಷೆ ಇದೆ. ಗಾಳಿ ತೂತುಗಳನ್ನು ಬೆರಳಿನಿಂದ ಮುಚ್ಚಿ ಹಿಡಿದು ಪಿಸ್ಟನ್ನನ್ನು ಹಿಂದಕ್ಕೆ ಎಳೆಯಿರಿ. ಕೈಗೆ ಒಂದು ಎಳೆತ ಗೊತ್ತಾಗುತ್ತದೆ, ಸ್ಟ್ರೈಕರ್ ಕರುವಿನ ಹಾಗೆ ಹಿಂದೆಯೇ ಬರುತ್ತದೆ. ಮುಂದೆ ತಳ್ಳಿದರೆ ಮುಟ್ಟದೆಯೇ ಮುಂದೆ ಓಡುತ್ತದೆ. ಹೀಗಾದರೆ ಮಷೀನ್ ಹೊಡೆಯುತ್ತದೆ ಅಂತ ಅಲ್ಲಿಯೇ ಹೇಳಬಹುದು. ಬರದಿದ್ದರೆ ಅಲ್ಲಿಯೇ ನಿಲ್ಲಿಸಿ, ಮತ್ತೆ ಬಿಚ್ಚಿ ರಿಂಗ್ ನೋಡಿ. ಗದಗಿನ ಗೌಂಡಿಯವರಿಗೆ ನಾನು ಇದನ್ನು ಅವರ ಕೈಯಿಂದಲೇ ಮಾಡಿಸಿದೆ. "ಜೀವ ಬಂದಂಗ ಆತಲ್ರೀ" ಅಂದರು.

ಗ್ರೀಸ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಒಂದು ಮಷೀನಿಗೆ ಧಾರಾಳವಾಗಿ, ಕ್ರ್ಯಾಂಕಿನ ಗೂಡು ತುಂಬ ಗ್ರೀಸ್ ತುಂಬಿದ್ದೆ. ಜಾಸ್ತಿ ಇದ್ದರೆ ಜಾಸ್ತಿ ಬಾಳಿಕೆ ಅಂತ ನಂಬಿದ್ದೆ. ಮೂರನೇ ದಿನ ವಾಪಸ್ ಬಂತು. ಬಿಸಿಯಾಗಿ ಕೈ ಇಡಲಾಗುತ್ತಿರಲಿಲ್ಲ, ಪೆಟ್ಟು ಇರಲಿಲ್ಲ. ಬಿಚ್ಚಿದರೆ ಗಾಳಿ ತೂತು ಕಟ್ಟಿತ್ತು, ಗಾಳಿ ಇರಬೇಕಾದ ಜಾಗಕ್ಕೆ ಗ್ರೀಸ್ ಬಂದಿತ್ತು. ಗಾಳಿ ಒತ್ತಿದರೆ ಕುಗ್ಗುತ್ತದೆ, ಗ್ರೀಸ್ ಕುಗ್ಗುವುದಿಲ್ಲ. ಆ ಹೊಡೆತವೆಲ್ಲ ಕನೆಕ್ಟಿಂಗ್ ರಾಡಿನ ಬೇರಿಂಗ್ ಮೇಲೆ ಬಿದ್ದು ಅದೂ ಹೋಗಿತ್ತು. ಆ ಬೇರಿಂಗಿನ ದುಡ್ಡು ನಾನೇ ಕೊಟ್ಟೆ. ಅವತ್ತಿನಿಂದ ತಕ್ಕಡಿ ಇಲ್ಲದೆ ಗ್ರೀಸ್ ಹಾಕಿಲ್ಲ.

ನಿಮ್ಮ ಮಷೀನಿನ ಪುಸ್ತಕದಲ್ಲಿ ಎಷ್ಟು ಗ್ರಾಂ ಅಂತ ಇರುತ್ತದೆ, ಅಷ್ಟೇ ಹಾಕಿ. ಈ ಗಾತ್ರದವಕ್ಕೆ ಸಾಮಾನ್ಯವಾಗಿ 30ರಿಂದ 60 ಗ್ರಾಂ. ಲಾರಿ ಚಕ್ರದ ಗ್ರೀಸ್ ಬೇಡ. ಹ್ಯಾಮರ್ ಗ್ರೀಸ್ ಅಂತಲೇ ಕೇಳಿ ತನ್ನಿ. ಹಳೆಯದನ್ನು ಪೂರ್ತಿ ತೆಗೆದೇ ಹೊಸದು ಹಾಕಿ. ಬೇರೆಬೇರೆ ಜಾತಿಯ ಗ್ರೀಸ್ ಬೆರೆತರೆ ಕೆಲವು ಸಲ ಮಜ್ಜಿಗೆಯಂತೆ ನೀರಾಗುತ್ತವೆ.

ಮುಚ್ಚಳದ ಬೋಲ್ಟುಗಳನ್ನು ಒಂದರ ಎದುರು ಇನ್ನೊಂದು ಅನ್ನುವಂತೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಕಂಪನಿ ಲೋಕ್‌ಟೈಟ್ ಅನ್ನುವ, ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು ಹಚ್ಚಿದ್ದ ಕಡೆ ನೀವೂ ನೀಲಿಯದನ್ನು ಒಂದು ಹನಿ ಹಚ್ಚಿ. ಆರ್ಮೇಚರ್ ಕೂರಿಸಿ, ಕೊನೆಗೆ ಕಾರ್ಬನ್.

ಕರೆಂಟ್ ಕೊಡುವ ಮುಂಚೆ ಪ್ಲಗ್ಗಿನ ಎರಡು ಪಿನ್ ಸೇರಿಸಿ, ಸ್ವಿಚ್ ಆನ್ ಇಟ್ಟು, ಅಲ್ಲಿಂದ ಲೋಹದ ಬಾಡಿಗೆ ಮೆಗ್ಗರ್ ಹಚ್ಚಿ. ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಇದ್ದರೆ ಅದರ ತಂತಿ ಬಿಡಿಸಿ, ಮೋಟರಿಗೆ ನೇರವಾಗಿ ಹಚ್ಚಿ ನೋಡಿ. ಡಬಲ್ ಇನ್ಸುಲೇಷನ್ ಮಷೀನಿನಲ್ಲಿ, ಅಂದರೆ ಚೌಕದೊಳಗೆ ಚೌಕದ ಗುರುತು ಇರುವುದರಲ್ಲಿ, 7 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ನಾನು ಗಿರಾಕಿಗೆ ಕೊಡುವುದಿಲ್ಲ. ಧಾರವಾಡದ ಮಳೆಯಲ್ಲಿ ನೆನೆದು ಬಂದ ಮಷೀನುಗಳು ಇಲ್ಲಿ ಸಿಕ್ಕಿಬೀಳುತ್ತವೆ. ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಒಣಗಿಸಿ ಮತ್ತೆ ನೋಡಿ.

ಓಡಿಸಿ ನೋಡುವುದು

ಮೊದಲು ಚಾಣ ಇಲ್ಲದೆ ಎರಡು ನಿಮಿಷ. ಹೊಸ ಕಾರ್ಬನ್ ಕೂರುವವರೆಗೆ ಸಣ್ಣ ನೀಲಿ ಕಿಡಿ ಇರುತ್ತದೆ, ಹೆದರಬೇಡಿ. ಸುತ್ತಲೂ ಬಳೆಯಂತೆ ಕಿಡಿ ಬಂದರೆ ನಿಲ್ಲಿಸಿ. ಆಮೇಲೆ ಚಾಣ ಹಾಕಿ, ಹಳೆ ಕಾಂಕ್ರೀಟ್ ತುಂಡಿನ ಮೇಲೆ ಇಟ್ಟು ಮಷೀನಿನ ತೂಕವನ್ನಷ್ಟೇ ಬಿಡಿ. ಮೇಲೆ ಹತ್ತಿ ಒತ್ತಬೇಡಿ. ಹೊಸ ರಿಂಗ್ ಬಿಗಿ ಇರುವುದರಿಂದ ಪೆಟ್ಟು ಹಿಡಿಯಲು ಕೆಲವು ಸೆಕೆಂಡ್ ಬೇಕಾಗಬಹುದು. ಹತ್ತು ನಿಮಿಷ ಹೊಡೆದು ನಿಲ್ಲಿಸಿ, ಮೂತಿಯ ಹತ್ತಿರ, ಕ್ರ್ಯಾಂಕ್ ಮುಚ್ಚಳದ ಹತ್ತಿರ ಗ್ರೀಸ್ ಒಸರಿದೆಯಾ ನೋಡಿ.

ಚಾಣವನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಪೆಟ್ಟು ಬೀಳುವ ತಲೆ ಅಣಬೆಯಂತೆ ಅರಳಿದ್ದರೆ ಅಥವಾ ಚೂರು ಹಾರಿದ್ದರೆ ಅದನ್ನು ಮತ್ತೆ ಹಾಕಬೇಡಿ, ಒಳಗಿನ ಉಕ್ಕಿನ ತುಂಡನ್ನೇ ತಿನ್ನುತ್ತದೆ. ಮೊನೆ ಮೊಂಡಾಗಿದ್ದರೆ ಕಂಬಾರರ ಹತ್ತಿರ ತಟ್ಟಿಸಿ, ಆದರೆ ಹದ ಬಲ್ಲವರ ಹತ್ತಿರ. ತಲೆಯ ಕಡೆ ಬೆಂಕಿ ತಾಗಬಾರದು ಅಂತ ಹೇಳಿ.

ಸೈಟಿನಲ್ಲಿ ಎಳೆಯುವ ವೈರ್ ಬಗ್ಗೆಯೂ ಗಿರಾಕಿಗೆ ಹೇಳಿ ಕಳಿಸುತ್ತೇನೆ. 1750 ವ್ಯಾಟಿನ ಮಷೀನ್ ಏಳೂವರೆ ಆಂಪಿಯರ್ ಎಳೆಯುತ್ತದೆ, 6 ಆಂಪಿಯರಿನ ಸಣ್ಣ ಸಾಕೆಟ್ ಅದಕ್ಕಲ್ಲ. 50 ಮೀಟರ್ ಉದ್ದದ 1 ಚದರ ಮಿಲಿಮೀಟರ್ ವೈರಿನಲ್ಲಿ ದಾರಿಯಲ್ಲೇ ಸುಮಾರು 14 ವೋಲ್ಟ್ ಹೋಗುತ್ತದೆ. ಅದೇ 2.5 ಚದರ ಮಿಲಿಮೀಟರ್ ಆದರೆ ಸುಮಾರು 6 ವೋಲ್ಟ್. ಹಳ್ಳಿಯ ಸೈಟಿನಲ್ಲಿ ಮೊದಲೇ 200ರ ಹತ್ತಿರ ಇರುವ ವೋಲ್ಟೇಜಿನಿಂದ ಇನ್ನೂ 14 ಕಳೆದರೆ ಮೋಟರ್ ನಿಧಾನವಾಗುತ್ತದೆ, ಅದರ ಫ್ಯಾನೂ ನಿಧಾನವಾಗುತ್ತದೆ, ಕಾಯಿಲ್ ಬೇಯುತ್ತದೆ.

ಮೊದಲ ದಿನದ ಕೆಲಸ ಮುಗಿದ ಮೇಲೆ ಹೊರಗಿನ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿಯಿರಿ, ಒಂದೆರಡು ಖಂಡಿತ ಸಡಿಲಾಗಿರುತ್ತವೆ. ಗ್ರೀಸ್ ಬದಲಿಸಿದ ತಾರೀಕು, ಹಾಕಿದ ಗ್ರಾಂ, ಎರಡನ್ನೂ ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಿಂದ ಬರೆದಿಡಿ. ಮುಂದಿನ ಸಲ ಬಿಚ್ಚುವವರು ನೀವೇ ಆಗಿರಬಹುದು, ಇನ್ನೊಬ್ಬರೂ ಆಗಿರಬಹುದು.